ಯುಗೊಸ್ಲಾವಿಯಾ ಯಾಕೆ ಒಡೀತು? ಹಳೇ ದ್ವೇಷ ಅಂದ್ಬಿಟ್ರೆ ಉತ್ತರ ಆಗಲ್ಲ

ಪ್ರಶ್ನೆ: ಯುಗೊಸ್ಲಾವಿಯಾ ಅಂತ ಒಂದೇ ದೇಶ ಇದ್ದಿದ್ದು ಈಗ ಏಳು ದೇಶ ಆಗಿದೆ. ನೂರಾರು ವರ್ಷದ ಜನಾಂಗ ದ್ವೇಷದಿಂದ ಒಡೀತು ಅಂತ ಕೆಲವರು ಹೇಳ್ತಾರೆ, ಜರ್ಮನಿ-ಅಮೆರಿಕ ಸೇರ್ಕೊಂಡು ಒಡೆದ್ರು ಅಂತ ಇನ್ನು ಕೆಲವರು. ನಿಜವಾಗ್ಲೂ ಏನಾಯ್ತು? ಹತ್ತಾರು ಭಾಷೆ, ಧರ್ಮ ಇರೋ ದೇಶ ಒಂದಲ್ಲ ಒಂದಿನ ಒಡೆಯಲೇಬೇಕಾ? ನಮ್ಮ ದೇಶಕ್ಕೂ ಇದು ಅನ್ವಯ ಆಗುತ್ತಾ?

ಉತ್ತರ: ಒಡೆಯಲೇಬೇಕು ಅಂತೇನೂ ಇಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಸ್ವಿಟ್ಜರ್ಲೆಂಡಲ್ಲಿ ನಾಲ್ಕು ಭಾಷೆ ಇದೆ, ಅದರ ಪಾಡಿಗೆ ಅದು ಇದೆ. ಸೋಮಾಲಿಯಾದಲ್ಲಿ ಬಹುತೇಕ ಎಲ್ರದ್ದೂ ಒಂದೇ ಭಾಷೆ, ಒಂದೇ ಧರ್ಮ, ಆದ್ರೂ 1991ರಲ್ಲಿ ಸರ್ಕಾರ ಅನ್ನೋದೇ ಕುಸಿದು ಬಿತ್ತು. ಹಾಗಾಗಿ ಒಂದು ದೇಶದಲ್ಲಿ ಎಷ್ಟು ಜನಾಂಗ ಇದೆ ಅಂತ ಎಣಿಸಿ ಭವಿಷ್ಯ ಹೇಳೋಕಾಗಲ್ಲ. ಯುಗೊಸ್ಲಾವಿಯಾ ಬಗ್ಗೆ ನನ್ನ ಅಭಿಪ್ರಾಯ ಏನಂದ್ರೆ, ಅಲ್ಲಿ ವೋಟು, ದುಡ್ಡು, ಟೀವಿ, ಪೊಲೀಸು ಎಲ್ಲ ರಿಪಬ್ಲಿಕ್‌ಗಳ (ನಮ್ಮ ರಾಜ್ಯಗಳ ತರ) ಕೈಲಿತ್ತು, ಇಡೀ ದೇಶದ ಪರವಾಗಿ ವೋಟು ಕೇಳೋ ಒಬ್ಬ ರಾಜಕಾರಣಿಗೂ ಜಾಗ ಇರ್ಲಿಲ್ಲ, ದುಡ್ಡು ಖಾಲಿಯಾದ ದಿನ ಅದೇ ಗೆರೆಗಳ ಮೇಲೆ ದೇಶ ಹರ್ಕೊಳ್ತು, ಹರಿಯೋ ಹೊತ್ತಲ್ಲಿ ಭಯ ಹುಟ್ಟಿತು, ಭಯದ ಹಿಂದೆ ದ್ವೇಷ ಬಂತು. ಬಹಳ ಜನ ಈ ಕ್ರಮವನ್ನ ತಲೆಕೆಳಗೆ ಮಾಡ್ಕೊಂಡು ಹೇಳ್ತಾರೆ.

ದ್ವೇಷದ ಥಿಯರಿಯಲ್ಲಿ ಏನೂ ಹುರುಳಿಲ್ಲ ಅಂತಲ್ಲ. 20ನೇ ಶತಮಾನಕ್ಕೆ ಮುಂಚೆ ಸರ್ಬರು, ಕ್ರೊಯಟರು ಜನಾಂಗದ ಹೆಸರಲ್ಲಿ ಒಬ್ರ ಮೇಲೊಬ್ರು ದೊಡ್ಡ ಯುದ್ಧ ಮಾಡಿದ ಇತಿಹಾಸ ಇಲ್ಲ, 1918ರ ಡಿಸೆಂಬರಲ್ಲಿ ದೇಶ ಹುಟ್ಟಿದಾಗ ಜಗಳ ಶುರುವಾಗಿದ್ದು ಅಧಿಕಾರ ರಾಜಧಾನಿ ಬೆಲ್‌ಗ್ರೇಡಲ್ಲೇ ಇರ್ಬೇಕಾ ಹಂಚ್ಬೇಕಾ ಅನ್ನೋದ್ರ ಮೇಲೆ. ನಿಜವಾದ ಗಾಯ ಆಗಿದ್ದು 1941ರಿಂದ 45ರ ನಡುವೆ. ಹಿಟ್ಲರ್ ದೇಶವನ್ನ ಒಡೆದು ಹಂಚಿದ, ಕ್ರೊಯೇಷಿಯಾ ಮತ್ತು ಬೋಸ್ನಿಯಾ ಸೇರಿಸಿ ಆಂತೆ ಪಾವೆಲಿಚ್‌ನ ಉಸ್ತಾಶಾ ಪಕ್ಷದ ಕೈಗೆ ಕೊಟ್ಟ, ಅವರು ಸರ್ಬರು, ಯಹೂದಿಗಳು, ರೋಮಾ ಜನ, ತಮ್ಮನ್ನ ವಿರೋಧಿಸಿದ ಕ್ರೊಯಟರು ಎಲ್ಲರನ್ನೂ ಕೊಂದ್ರು. ಯಾಸೆನೊವಾಟ್ಸ್ ಅನ್ನೋ ಒಂದೇ ಕ್ಯಾಂಪಲ್ಲಿ ಸತ್ತವರು 80 ಸಾವಿರದಿಂದ 1 ಲಕ್ಷ ಅಂತ ಈಗಿನ ಇತಿಹಾಸಕಾರರ ಅಂದಾಜು. ಆ ಕಡೆ ಸರ್ಬರ ಚೆಟ್ನಿಕ್ ಪಡೆಗಳು ಬೋಸ್ನಿಯಾದ ಮುಸ್ಲಿಮರನ್ನ, ಕ್ರೊಯಟರನ್ನ ಕೊಂದ್ವು. ಯುದ್ಧ ಮುಗಿಯೋ ಹೊತ್ತಿಗೆ ಶರಣಾದ ಸಾವಿರಾರು ಜನರನ್ನ ಕಮ್ಯುನಿಸ್ಟ್ ನಾಯಕ ಟಿಟೊನ ಪಾರ್ಟಿಸಾನ್ ಪಡೆ ಕೊಂದಿತು. ಆಮೇಲೆ ಟಿಟೊ "ಸೋದರತ್ವ, ಏಕತೆ" ಅಂತ ಘೋಷಣೆ ಹಾಕಿ ಆ ಫೈಲನ್ನ ಮುಚ್ಚಿಬಿಟ್ಟ. ಯಾರು ಎಷ್ಟು ಜನರನ್ನ ಕೊಂದ್ರು ಅಂತ ಬಾಯಿಬಿಟ್ಟು ಮಾತಾಡಂಗಿಲ್ಲ. ಮುಚ್ಚಿದ ಫೈಲು ಏನಾಯ್ತು ಅಂದ್ರೆ 1980ರ ದಶಕದಲ್ಲಿ ಯಾಸೆನೊವಾಟ್ಸಲ್ಲಿ ಸತ್ತವರು 7 ಲಕ್ಷ ಅಂತ ಬೆಲ್‌ಗ್ರೇಡ್ ಪತ್ರಿಕೆಗಳು ಬರೆದ್ವು, 30-40 ಸಾವಿರ ಅಷ್ಟೇ ಅಂತ ಕ್ರೊಯೇಷಿಯಾ ರಾಜಧಾನಿ ಜಾಗ್ರೆಬಲ್ಲಿ ಮುಂದೆ ಅಲ್ಲಿನ ನಾಯಕ ಆದ ತುಜ್ಮಾನ್ ಅಂದ, ಸತ್ತವರ ಲೆಕ್ಕವೇ ರಾಜಕೀಯ ಭಾಷಣ ಆಯ್ತು.

ಆದ್ರೆ ಅದೇ ಜನ 45 ವರ್ಷ ಅಕ್ಕಪಕ್ಕದಲ್ಲಿ ಬದುಕಿದ್ರಲ್ಲ. ದೇಶದಲ್ಲಿ ಆಗ್ತಿದ್ದ ಮದುವೆಗಳಲ್ಲಿ 12-13 ಪರ್ಸೆಂಟ್ ಬೇರೆ ಬೇರೆ ಜನಾಂಗದವರ ನಡುವೆ ಆಗ್ತಿತ್ತು, ಬೋಸ್ನಿಯಾದ ಸರಯೇವೊ ತರದ ಊರಲ್ಲಿ ಅದಕ್ಕಿಂತ ಜಾಸ್ತಿ. 1981ರ ಜನಗಣತಿಯಲ್ಲಿ ನಿಮ್ಮ ಜನಾಂಗ ಯಾವುದು ಅಂದ್ರೆ 12 ಲಕ್ಷ ಜನ "ಯುಗೊಸ್ಲಾವ್" ಅಂತ ಬರೆಸಿದ್ರು, ಸರ್ಬ್ ಅಲ್ಲ ಕ್ರೊಯಟ್ ಅಲ್ಲ, ಬರೀ ಯುಗೊಸ್ಲಾವ್. ಸುಮಾರು ಐದೂವರೆ ಪರ್ಸೆಂಟ್, ಕಡಿಮೆ ಅನ್ಸಬಹುದು, ಆದ್ರೆ ಹತ್ತು ವರ್ಷದ ಹಿಂದಿನ ಲೆಕ್ಕಕ್ಕಿಂತ ಅದು ಎಷ್ಟೋ ಪಟ್ಟು ಜಾಸ್ತಿ. ದ್ವೇಷ ಕುದೀತಿದ್ದ ದೇಶದಲ್ಲಿ ಆ ಸಂಖ್ಯೆ ಏರಬಾರದಿತ್ತು.

ಹಾಗಾದ್ರೆ ಏನು ಕೆಟ್ಟಿತು? 1974ರ ಸಂವಿಧಾನದಿಂದ ಶುರು ಮಾಡ್ಬೇಕು. 406 ಕಲಮುಗಳ ಸಂವಿಧಾನ ಅದು, ಆಗ ಪ್ರಪಂಚದ ಅತಿ ಉದ್ದದ ಸಂವಿಧಾನಗಳಲ್ಲಿ ಒಂದು. ಆರು ರಿಪಬ್ಲಿಕ್: ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ, ಸರ್ಬಿಯಾ, ಮಾಂಟೆನೆಗ್ರೊ, ಮ್ಯಾಸಿಡೋನಿಯಾ. ಸರ್ಬಿಯಾ ಒಳಗೇ ಎರಡು ಸ್ವಾಯತ್ತ ಪ್ರಾಂತ್ಯ, ವೊಯ್ವೊದಿನಾ ಮತ್ತು ಕೊಸೊವೊ. ಪ್ರತಿ ರಿಪಬ್ಲಿಕ್ಕಿಗೂ ಅದರದ್ದೇ ಸಂವಿಧಾನ, ಕೋರ್ಟು, ಪೊಲೀಸು, ನ್ಯಾಷನಲ್ ಬ್ಯಾಂಕು, ಟೀವಿ ಸ್ಟೇಷನ್ನು, ಕಮ್ಯುನಿಸ್ಟ್ ಪಕ್ಷದ ಶಾಖೆ. ಇಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ, 1968ರಲ್ಲಿ ಸೋವಿಯತ್ ಸೈನ್ಯ ಜೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದು ನೋಡಿ ಹೆದರಿ ಪ್ರತಿ ರಿಪಬ್ಲಿಕ್ಕಿಗೂ ಬಂದೂಕು ಗೋಡೌನ್ ಸಮೇತ ಒಂದೊಂದು ಪ್ರಾದೇಶಿಕ ರಕ್ಷಣಾ ಪಡೇನೂ ಕೊಟ್ಟಿದ್ರು. ತೂತು ಹೊಡೆದಿಟ್ಟ ಅಂಚೆ ಸ್ಟಾಂಪಿನ ಹಾಳೆ ತರ, ಹರಿಯೋ ಜಾಗ ಮೊದ್ಲೇ ತಯಾರಿತ್ತು. ಮೇಲ್ಗಡೆ ಎಂಟು ಜನರ ಅಧ್ಯಕ್ಷ ಮಂಡಳಿ, ವರ್ಷಕ್ಕೊಬ್ರು ಸರದಿ ಪ್ರಕಾರ ಅಧ್ಯಕ್ಷರು, ದೊಡ್ಡ ಆರ್ಥಿಕ ತೀರ್ಮಾನಕ್ಕೆಲ್ಲ ಎಲ್ಲ ರಿಪಬ್ಲಿಕ್ಕೂ ಒಪ್ಪಬೇಕು. ಒಪ್ಪಲಿಲ್ಲ ಅಂದ್ರೆ? ಟಿಟೊ ಇದ್ದ, ಮೇಜು ಕುಟ್ಟಿ ಒಪ್ಪಿಸ್ತಿದ್ದ. ಅವನಿಲ್ಲದಾಗ ಯಾರು ಕುಟ್ಟಬೇಕು ಅಂತ ಆ 406 ಕಲಮುಗಳಲ್ಲಿ ಎಲ್ಲೂ ಬರೆದಿರ್ಲಿಲ್ಲ.

1980ರ ಮೇ 4ಕ್ಕೆ ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದ ಆಸ್ಪತ್ರೆಯಲ್ಲಿ ಟಿಟೊ ಸತ್ತ. ನೆಹರು, ನಾಸೆರ್ ಜೊತೆ ಅಲಿಪ್ತ ಚಳವಳಿ ಕಟ್ಟಿದವನು, ಬೆಲ್‌ಗ್ರೇಡಲ್ಲಿ ನಡೆದ ಅಂತ್ಯಕ್ರಿಯೆಗೆ ಇಂದಿರಾ ಗಾಂಧಿ, ಬ್ರೆಝ್ನೆವ್, ಥ್ಯಾಚರ್ ಎಲ್ರೂ ಬಂದಿದ್ರು. ಅವನು ಬಿಟ್ಟುಹೋಗಿದ್ದು ಸುಮಾರು 2000 ಕೋಟಿ ಡಾಲರ್ ವಿದೇಶಿ ಸಾಲ.

ಈ ಸಾಲದ ಕತೆ ಬಿಟ್ಟು ಬರೀ ಸರ್ಬ್-ಕ್ರೊಯಟ್ ಅಂತ ಮಾತಾಡೋರನ್ನ ನಾನು ಅಷ್ಟಾಗಿ ನಂಬಲ್ಲ. 70ರ ದಶಕದಲ್ಲಿ ಪಶ್ಚಿಮದ ಬ್ಯಾಂಕುಗಳು ಕೇಳಿದಷ್ಟು ಕೊಟ್ವು, ಸ್ಟಾಲಿನ್‌ಗೆ ಎದುರು ನಿಂತ ಕಮ್ಯುನಿಸ್ಟ್ ದೇಶ ಅಂತ ಅದಕ್ಕೊಂದು ವಿಶೇಷ ಬೆಲೆ ಇತ್ತು. 80ರ ನಂತರ ಬಡ್ಡಿ ಏರಿತು, ಐಎಂಎಫ್ ಬಂದು ಖರ್ಚು ಕಡಿಮೆ ಮಾಡಿ ಅಂದ್ರು. ಕಾಫಿ, ಡಿಟರ್ಜೆಂಟು, ಅಡುಗೆ ಎಣ್ಣೆ ಅಂಗಡೀಲಿ ಸಿಗದೇ ಹೋಯ್ತು, ಜನ ಗಡಿ ದಾಟಿ ಇಟಲಿಯ ಟ್ರಿಯೆಸ್ಟೆಗೆ ಹೋಗಿ ಕಾಫಿ ಪುಡಿ, ಜೀನ್ಸು ತರ್ತಿದ್ರು. ಪೆಟ್ರೋಲಿಗೆ ಕೂಪನ್, ಒಂದಿನ ಸಮ ನಂಬರಿನ ಕಾರು ಒಂದಿನ ಬೆಸ ನಂಬರಿನ ಕಾರು. ಹತ್ತು ವರ್ಷದ ಹಿಂದಷ್ಟೇ ಪೂರ್ವ ಯೂರೋಪಿನವರು ಇವರನ್ನ ನೋಡಿ ಹೊಟ್ಟೆ ಉರ್ಕೊಳ್ತಿದ್ರು, ಇವರ ಪಾಸ್‌ಪೋರ್ಟಿಗೆ ಪೂರ್ವದಲ್ಲೂ ಪಶ್ಚಿಮದಲ್ಲೂ ಬಾಗಿಲು ತೆರೆದಿತ್ತು. ಇಷ್ಟು ಎತ್ತರದಿಂದ ಬಿದ್ದ ಜನಕ್ಕೆ ನೋವು ಜಾಸ್ತಿ.

ದುಡ್ಡು ಕಡಿಮೆ ಆದಾಗ ಲೆಕ್ಕ ಕೇಳೋದು ಸಹಜ. ಸ್ಲೊವೇನಿಯಾದಲ್ಲಿ ದೇಶದ 8 ಪರ್ಸೆಂಟ್ ಜನ ಇದ್ರು, ಅಲ್ಲಿನ ತಲಾ ಆದಾಯ ಕೊಸೊವೊದ ಏಳೆಂಟು ಪಟ್ಟು. ಹಿಂದುಳಿದ ಪ್ರದೇಶಗಳ ನಿಧಿಗೆ ನಾವು ಸುರೀತಾನೇ ಇದೀವಿ, ಕೊಸೊವೊ ಮಾತ್ರ ಇನ್ನೂ ಹಿಂದೇನೇ ಬೀಳ್ತಿದೆ, ಹಾಗಾದ್ರೆ ದುಡ್ಡು ಎಲ್ಲಿ ಹೋಗ್ತಿದೆ ಅಂತ ಸ್ಲೊವೇನಿಯಾದವರು. ನಮ್ಮ ಗಣಿಯಿಂದ ಸತುವು, ಸೀಸ ಅಗ್ಗಕ್ಕೆ ತಗೊಂಡು ನಿಮ್ಮ ಫ್ರಿಜ್ಜು, ವಾಷಿಂಗ್ ಮಷೀನು ದುಬಾರಿಗೆ ಮಾರ್ತೀರಲ್ಲ ಅಂತ ದಕ್ಷಿಣದವರು. ನಮ್ಮ ಟ್ಯಾಕ್ಸು ಎಲ್ಲಿ ಹೋಗ್ತಿದೆ ಅನ್ನೋ ಮಾತು ಕರ್ನಾಟಕದಲ್ಲೂ ಕೇಳಿರ್ತೀರಿ, ಆ ಪ್ರಶ್ನೆಯಿಂದ ಯಾವ ದೇಶಾನೂ ಒಡೆಯಲ್ಲ, ಹಣ ಹಂಚಿಕೆ ಬಗ್ಗೆ ಜಗಳ ಆಡದ ಒಕ್ಕೂಟ ನಾನಂತೂ ನೋಡಿಲ್ಲ. ಜಗಳ ತೀರಿಸೋ ಜಾಗ ಒಂದು ಇರ್ಬೇಕು, ಯುಗೊಸ್ಲಾವಿಯಾದಲ್ಲಿ ಅದು ಇರ್ಲಿಲ್ಲ, ಅಲ್ಲಿ ವೀಟೋ ಮಾತ್ರ ಇತ್ತು.

ಈಗ ಕೊಸೊವೊಗೆ ಬರೋಣ, ಕತೆ ತಿರುಗಿದ್ದು ಅಲ್ಲೇ. 1981ರ ಮಾರ್ಚಲ್ಲಿ ಪ್ರಿಸ್ಟಿನಾ ಯೂನಿವರ್ಸಿಟಿ ಕ್ಯಾಂಟೀನಿನ ಊಟ ಚೆನ್ನಾಗಿಲ್ಲ ಅಂತ ಹುಡುಗರು ಗಲಾಟೆ ಶುರು ಮಾಡಿದ್ರು, ಕೆಲವೇ ವಾರದಲ್ಲಿ ಅದು ಕೊಸೊವೊ ರಿಪಬ್ಲಿಕ್ ಆಗ್ಬೇಕು ಅನ್ನೋ ಘೋಷಣೆ ಆಗಿ ಬೀದಿಗೆ ಟ್ಯಾಂಕು ಇಳೀತು. ಅಲ್ಲಿನ ಜನಸಂಖ್ಯೆಯಲ್ಲಿ ಮುಕ್ಕಾಲು ಭಾಗಕ್ಕೂ ಜಾಸ್ತಿ ಆಲ್ಬೇನಿಯನ್ನರು, ಅಲ್ಪಸಂಖ್ಯಾತ ಸರ್ಬರು ಜಾಗ ಮಾರ್ಕೊಂಡು ಊರು ಬಿಡ್ತಿದ್ರು, ಕೆಲವರು ಕೆಲಸ ಹುಡ್ಕೊಂಡು, ಕೆಲವರು ಕಿರುಕುಳ ತಾಳಲಾರದೆ. ಈ ಸರ್ಬರ ಅಳಲು ನಿಜವಾದದ್ದೇ, ಅದನ್ನ ಕೇಳೋರು ಯಾರೂ ಇರ್ಲಿಲ್ಲ. 1987ರ ಏಪ್ರಿಲ್ 24ಕ್ಕೆ ಸ್ಲೊಬೊದಾನ್ ಮಿಲೊಶೆವಿಚ್ ಅನ್ನೋ ಸರ್ಬಿಯಾದ ಕಮ್ಯುನಿಸ್ಟ್ ಪಕ್ಷದ ನಾಯಕ, ಅಲ್ಲಿವರೆಗೆ ಬ್ಯಾಂಕಲ್ಲಿದ್ದು ಬಂದ ಒಣ ಮನುಷ್ಯ, ಕೊಸೊವೊ ಪೋಲ್ಯೆ ಊರಿಗೆ ಹೋದ, ಹೊರಗೆ ಪೊಲೀಸರು ಹೊಡೀತಿದ್ದಾರೆ ಅಂತ ಜನ ಕೂಗಿದ್ರು, ನಿಮ್ಮನ್ನ ಹೊಡೆಯೋ ಧೈರ್ಯ ಯಾರಿಗೂ ಬರಕೂಡದು ಅಂದ. ಬೆಲ್‌ಗ್ರೇಡ್ ಟೀವಿ ಅದನ್ನ ಮತ್ತೆ ಮತ್ತೆ ತೋರಿಸ್ತು. ಐದು ತಿಂಗಳಲ್ಲಿ ತನ್ನನ್ನ ಬೆಳೆಸಿದ ಗುರು ಇವಾನ್ ಸ್ಟಾಂಬೊಲಿಚ್‌ನನ್ನೇ ಪಕ್ಷದೊಳಗೆ ಮೂಲೆಗೆ ತಳ್ಳಿದ.

1988ರ ಅಕ್ಟೋಬರ್ 4ರಂದು ನಡೆದಿದ್ದು ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ಸುತ್ತೆ. ಬೆಲ್‌ಗ್ರೇಡ್ ಹೊರವಲಯದ ರಾಕೊವಿತ್ಸಾದಲ್ಲಿ ಟ್ರ್ಯಾಕ್ಟರು, ಇಂಜಿನ್ನು ಮಾಡೋ ಫ್ಯಾಕ್ಟರಿಗಳಿದ್ವು, ಸಂಬಳ ಸಾಲ್ತಿಲ್ಲ ಅಂತ ಆ ಕಾರ್ಮಿಕರು ಸಾವಿರಗಟ್ಟಲೆ ಮೆರವಣಿಗೆ ಹೊರಟು ಸಂಸತ್ ಭವನದ ಮುಂದೆ ನಿಂತ್ರು. ಬೇಡಿಕೆ ಶುದ್ಧ ಹೊಟ್ಟೆಪಾಡಿಂದು. ಮಿಲೊಶೆವಿಚ್ ಹೊರಗೆ ಬಂದು ಭಾಷಣ ಮಾಡಿದ, ಸರ್ಬಿಯಾ ಬಗ್ಗೆ, ಶತ್ರುಗಳ ಬಗ್ಗೆ, ಕೊನೇಲಿ ಈಗ ಎಲ್ರೂ ಅವರವರ ಕೆಲಸಕ್ಕೆ ಹೋಗಿ ಅಂದ. ಹೋದ್ರು! ಕಾರ್ಮಿಕರಾಗಿ ಬಂದ್ರು, ಸರ್ಬರಾಗಿ ಮನೆಗೆ ಹೋದ್ರು ಅಂತ ಬೆಲ್‌ಗ್ರೇಡಲ್ಲಿ ಆಮೇಲೆ ಜನ ಆಡ್ಕೊಳ್ತಿದ್ರು. ಸಂಬಳದ ಸಿಟ್ಟು ಜನಾಂಗದ ಸಿಟ್ಟಾಗಿ ಬದಲಾಗೋದು ಹೇಗೆ ಅಂತ ನನ್ನ ವಿದ್ಯಾರ್ಥಿಗಳು ಕೇಳಿದ್ರೆ ನಾನು ಈ ಒಂದು ಮಧ್ಯಾಹ್ನದ ಕತೆ ಹೇಳ್ತೀನಿ.

ಮುಂದಿನ ಆರು ತಿಂಗಳಲ್ಲಿ ವೊಯ್ವೊದಿನಾ ಮತ್ತು ಮಾಂಟೆನೆಗ್ರೊ ಸರ್ಕಾರಗಳನ್ನ ಬೀದಿ ಜನರನ್ನ ಕಳಿಸಿ ಬೀಳಿಸಿದ, ವೊಯ್ವೊದಿನಾದಲ್ಲಿ ಆಫೀಸಿಗೆ ಮೊಸರಿನ ಪ್ಯಾಕೆಟ್ ಎಸೆದ್ರು ಅಂತ ಅದಕ್ಕೆ ಮೊಸರು ಕ್ರಾಂತಿ ಅಂತಲೇ ಹೆಸರು. 1989ರ ಮಾರ್ಚ್ 28ಕ್ಕೆ ಕೊಸೊವೊದ ಸ್ವಾಯತ್ತತೆ ಕಿತ್ಕೊಂಡ. ಆದ್ರೆ ಅಧ್ಯಕ್ಷ ಮಂಡಳಿಯಲ್ಲಿ ಕೊಸೊವೊ ಮತ್ತು ವೊಯ್ವೊದಿನಾದ ಸೀಟು ಮಾತ್ರ ತೆಗೀಲಿಲ್ಲ ನೋಡಿ, ಇಟ್ಕೊಂಡ. ಎಂಟರಲ್ಲಿ ನಾಲ್ಕು ವೋಟು ಒಬ್ಬನ ಜೇಬಿಗೆ. ಉಳಿದ ನಾಲ್ವರು ಇದನ್ನ ನೋಡ್ತಾ ಸುಮ್ನೆ ಕೂರ್ತಾರಾ?

ಸ್ಲೊವೇನಿಯಾದವರಿಗೆ ಅಷ್ಟೊತ್ತಿಗಾಗ್ಲೇ ಬೇರೆ ಒಂದು ಸಿಟ್ಟಿತ್ತು. 1988ರ ಬೇಸಿಗೆಯಲ್ಲಿ ಸೈನ್ಯದ ರಹಸ್ಯ ದಾಖಲೆ ಇಟ್ಕೊಂಡ ಆರೋಪದ ಮೇಲೆ ಮೂವರು ಪತ್ರಕರ್ತರನ್ನ, ಒಬ್ಬ ಸೈನಿಕನನ್ನ ಮಿಲಿಟರಿ ಕೋರ್ಟಲ್ಲಿ ನಿಲ್ಲಿಸಿದ್ರು. ಕೋರ್ಟು ನಡೆದಿದ್ದು ಲ್ಯುಬ್ಲಿಯಾನಾದಲ್ಲಿ, ಆರೋಪಿಗಳು ಸ್ಲೊವೇನರು, ವಿಚಾರಣೆ ಮಾತ್ರ ಸರ್ಬೊ-ಕ್ರೊಯೇಷಿಯನ್ ಭಾಷೇಲಿ. ನಮ್ಮೂರಲ್ಲಿ, ನಮ್ಮವರನ್ನ, ನಮಗೆ ಪರಭಾಷೆಯಲ್ಲಿ ವಿಚಾರಿಸ್ತೀರಾ ಅಂತ ಅಲ್ಲಿವರೆಗೆ ರಾಜಕೀಯಕ್ಕೆ ತಲೆ ಹಾಕದವರೂ ಬೀದಿಗೆ ಬಂದ್ರು. ಭಾಷೆ ವಿಷಯ ಎಷ್ಟು ಬೇಗ ಹೊತ್ಕೊಳ್ಳುತ್ತೆ ಅಂತ ಕನ್ನಡಿಗರಿಗೆ ನಾನು ಹೇಳ್ಬೇಕಾಗಿಲ್ಲ. 1989ರ ಕೊನೆಗೆ ಸರ್ಬಿಯಾ ತನ್ನದೇ ದೇಶದ ಸ್ಲೊವೇನಿಯಾ ಸಾಮಾನುಗಳಿಗೆ ಬಹಿಷ್ಕಾರ ಹಾಕ್ತು. 1990ರ ಜನವರಿ 22ರ ರಾತ್ರಿ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನದಿಂದ ಸ್ಲೊವೇನಿಯಾ ತಂಡ ಎದ್ದು ಹೊರನಡೀತು, ಹಿಂದೆಯೇ ಕ್ರೊಯೇಷಿಯಾದವರು. ದೇಶ ಒಟ್ಟಿಗೆ ಹಿಡಿದಿದ್ದ ಪಕ್ಷ ಅಲ್ಲಿಗೆ ಮುಗೀತು, ದೇಶ ಇನ್ನೂ ಒಂದೂವರೆ ವರ್ಷ ಹೆಸರಿಗೆ ಉಳೀತು.

ಉಳಿಸ್ಕೊಳ್ಳೋ ಒಂದು ಅವಕಾಶ ಇತ್ತು ಅಂತ ನಾನು ಈಗ್ಲೂ ನಂಬ್ತೀನಿ. ಆಂತೆ ಮಾರ್ಕೊವಿಚ್ 1989ರ ಮಾರ್ಚಲ್ಲಿ ಪ್ರಧಾನಿ ಆದ, ಬೋಸ್ನಿಯಾದಲ್ಲಿ ಹುಟ್ಟಿದ ಕ್ರೊಯಟ್, ಇಂಜಿನಿಯರ್. ಆ ವರ್ಷ ಹಣದುಬ್ಬರ ಸಾವಿರ ಪರ್ಸೆಂಟ್ ದಾಟಿತ್ತು. 1990ರ ಜನವರಿಯಿಂದ ಹಳೇ 10,000 ದಿನಾರಿಗೆ ಹೊಸ 1 ದಿನಾರ್, 7 ದಿನಾರಿಗೆ 1 ಜರ್ಮನ್ ಮಾರ್ಕ್ ಅಂತ ಕಟ್ಟಿದ, ಕೆಲವೇ ತಿಂಗಳಲ್ಲಿ ಬೆಲೆ ಏರೋದು ನಿಂತಿತು. ಆ ಬೇಸಿಗೆಯಲ್ಲಿ ದೇಶದ ಅತ್ಯಂತ ಜನಪ್ರಿಯ ರಾಜಕಾರಣಿ ಅವನೇ. ಆದ್ರೆ ಅವನಿಗೆ ವೋಟು ಹಾಕೋಕೆ ಚುನಾವಣೆ ಎಲ್ಲಿತ್ತು? 1990ರಲ್ಲಿ ಮೊದಲ ಬಹುಪಕ್ಷ ಚುನಾವಣೆ ನಡೆದಿದ್ದು ರಿಪಬ್ಲಿಕ್ ರಿಪಬ್ಲಿಕ್ ಆಗಿ, ಏಪ್ರಿಲಲ್ಲಿ ಸ್ಲೊವೇನಿಯಾ, ಆಮೇಲೆ ಕ್ರೊಯೇಷಿಯಾ, ನವೆಂಬರಲ್ಲಿ ಬೋಸ್ನಿಯಾ, ಡಿಸೆಂಬರಲ್ಲಿ ಸರ್ಬಿಯಾ. ಇಡೀ ದೇಶಕ್ಕೆ ಒಂದು ಚುನಾವಣೆ ನಡೀಲೇ ಇಲ್ಲ, ಲ್ಯುಬ್ಲಿಯಾನಾಕ್ಕೂ ಬೇಡ, ಮಿಲೊಶೆವಿಚ್‌ಗೂ ಬೇಡ. ರಿಪಬ್ಲಿಕ್ ಒಳಗೆ ಮಾತ್ರ ವೋಟು ಅಂದ್ಮೇಲೆ ಪಕ್ಕದ ರಿಪಬ್ಲಿಕ್ಕಿನವರನ್ನ ಬೈದ್ರೆ ಒಂದು ವೋಟೂ ಹೋಗಲ್ಲ, ಬೈಯದಿದ್ರೆ ಹೋಗುತ್ತೆ. ಮಾರ್ಕೊವಿಚ್ ತಡವಾಗಿ ಒಂದು ಪಕ್ಷ ಕಟ್ಟಿದ, ಸೋತ. ಅಷ್ಟೊತ್ತಿಗೆ ಸರ್ಬಿಯಾ ಸರ್ಕಾರ ಯಾರಿಗೂ ಹೇಳದೆ ಕೇಂದ್ರ ಬ್ಯಾಂಕಿನ ಹೆಸರಲ್ಲಿ ನೂರು ಕೋಟಿ ಡಾಲರಿಗೂ ಮೀರಿದ ದಿನಾರ್ ಸೃಷ್ಟಿಸಿ ತನ್ನ ಪಿಂಚಣಿ, ಸಂಬಳಕ್ಕೆ ಹಂಚ್ಕೊಂಡಿತ್ತು, ಇಡೀ ಸುಧಾರಣೆ ನೀರಲ್ಲಿ ಹೋಮ.

ಕ್ರೊಯೇಷಿಯಾದಲ್ಲಿ ಫ್ರಾನ್ಯೊ ತುಜ್ಮಾನ್ ಗೆದ್ದ. ವೋಟು ಸುಮಾರು 42 ಪರ್ಸೆಂಟ್, ಆದ್ರೆ ಸೀಟು ಅರ್ಧಕ್ಕಿಂತ ಜಾಸ್ತಿ, ನಮಗೆ ಗೊತ್ತಿರೋ ಲೆಕ್ಕಾನೇ. ಅಲ್ಲಿ 12 ಪರ್ಸೆಂಟ್ ಸರ್ಬರಿದ್ರು. ಹೊಸ ಸಂವಿಧಾನದಲ್ಲಿ ಅವರು ರಿಪಬ್ಲಿಕ್ಕಿನ ಸಮಾನ ಜನಾಂಗ ಅನ್ನೋ ಸ್ಥಾನ ಹೋಗಿ ಅಲ್ಪಸಂಖ್ಯಾತರು ಅಂತಾಯ್ತು, ಪೊಲೀಸಿಂದ, ಸರ್ಕಾರಿ ಕೆಲಸದಿಂದ ಸರ್ಬರನ್ನ ತೆಗೆಯೋಕೆ ಶುರು ಮಾಡಿದ್ರು, ಉಸ್ತಾಶಾ ಕಾಲದಲ್ಲಿ ಹಾರಿದ್ದ ಕೆಂಪು-ಬಿಳಿ ಚೌಕದ ಲಾಂಛನ ಮತ್ತೆ ಬಾವುಟದ ಮೇಲೆ ಬಂತು. ಅದು ಉಸ್ತಾಶಾಗಿಂತ ಶತಮಾನಗಳಷ್ಟು ಹಳೇದು ಅಂತ ಕ್ರೊಯಟರು ಹೇಳೋದು ನಿಜ, ಆದ್ರೆ 1941ರಲ್ಲಿ ಅಪ್ಪನನ್ನ ಕಳ್ಕೊಂಡ ಹಳ್ಳಿಯವನಿಗೆ ಆ ವ್ಯತ್ಯಾಸ ಯಾರು ಹೇಳ್ಬೇಕು? ಬೆಲ್‌ಗ್ರೇಡ್ ಟೀವಿ ಅಂತೂ ದಿನಾ ಆ ಭಯಕ್ಕೆ ಎಣ್ಣೆ ಹಾಕ್ತಿತ್ತು. 1990ರ ಆಗಸ್ಟಲ್ಲಿ ಕ್ನಿನ್ ಊರಿನ ಸರ್ಬರು ರಸ್ತೆಗೆ ಮರದ ದಿಮ್ಮಿ ಉರುಳಿಸಿ ತಡೆ ಹಾಕಿದ್ರು, ಅದನ್ನ ತೆಗೆಸೋಕೆ ಹೊರಟ ಕ್ರೊಯೇಷಿಯಾ ಪೊಲೀಸರ ಹೆಲಿಕಾಪ್ಟರನ್ನ ಕೇಂದ್ರ ಸೇನೆಯ ಮಿಗ್ ವಿಮಾನಗಳು ವಾಪಸ್ ಕಳಿಸಿದ್ವು.

ಎಲ್ಲ ಕಡೇನೂ ಸಮಾಧಾನ ಮಾಡೋರು ಇದ್ರು ಅನ್ನೋದನ್ನ ಮರೀಬಾರ್ದು. ಯೊಸಿಪ್ ರೈಲ್-ಕಿರ್ ಅಂತ ಒಸಿಯೆಕ್ ಊರಿನ ಪೊಲೀಸ್ ಮುಖ್ಯಸ್ಥ, ಕ್ರೊಯೇಷಿಯಾ ಸರ್ಕಾರದ ಅಧಿಕಾರಿ, ಬಂದೂಕಿಲ್ಲದೆ ಸರ್ಬ್ ಹಳ್ಳಿಗಳಿಗೆ ಹೋಗಿ ತಡೆಗೋಡೆ ತೆಗೀರಿ, ನಿಮಗೇನೂ ಆಗಲ್ಲ ಅಂತ ಮಾತಾಡಿ ಒಪ್ಪಿಸ್ತಿದ್ದ. 1991ರ ಜುಲೈ 1ಕ್ಕೆ ಅವನನ್ನ ಗುಂಡಿಟ್ಟು ಕೊಂದಿದ್ದು ಸರ್ಬರಲ್ಲ, ಅವನದೇ ಕಡೆಯ ಮೀಸಲು ಪೊಲೀಸಿನವನು.

ಇಂಥದ್ದೇ ಇನ್ನೊಬ್ಬ ಬೊಗಿಚ್ ಬೊಗಿಚೆವಿಚ್, ಹೆಸರು ನಮ್ಮಲ್ಲಿ ಯಾರೂ ಕೇಳಿರಲ್ಲ. 1991ರ ಮಾರ್ಚ್ 12ಕ್ಕೆ ಅಧ್ಯಕ್ಷ ಮಂಡಳಿಯ ಸಭೆಯನ್ನ ಬೆಲ್‌ಗ್ರೇಡಿನ ಸೇನಾ ಕಚೇರಿಯಲ್ಲಿ ಕರೆದ್ರು, ಹೀಟರ್ ಇಲ್ಲದ ಕೊಠಡಿ, ಸದಸ್ಯರು ಓವರ್‌ಕೋಟ್ ಹಾಕ್ಕೊಂಡೇ ಕೂತಿದ್ದಾರೆ, ಕ್ಯಾಮೆರಾ ಓಡ್ತಿದೆ, ಎದುರಿಗೆ ಜನರಲ್‌ಗಳು. ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಿ, ರಿಪಬ್ಲಿಕ್‌ಗಳ ಬಂದೂಕು ಕಿತ್ಕೊಳ್ಳೋಕೆ ಅನುಮತಿ ಕೊಡಿ ಅನ್ನೋದು ರಕ್ಷಣಾ ಮಂತ್ರಿ ಕಡಿಯೆವಿಚ್ ಬೇಡಿಕೆ. ಐದು ವೋಟು ಬೇಕು, ಮಿಲೊಶೆವಿಚ್ ಹತ್ರ ನಾಲ್ಕಿದೆ ಅಂತ ಲೆಕ್ಕ, ಬೋಸ್ನಿಯಾದ ಸದಸ್ಯ ಬೊಗಿಚೆವಿಚ್ ಸರ್ಬ್, ಅವನು ಹೂಂ ಅಂದ್ರೆ ಆಯ್ತು. ಅವನು ಇಲ್ಲ ಅಂದ. ರಕ್ತ ಮಾತಾಡುತ್ತೆ ಅನ್ನೋ ಥಿಯರಿ ಸರಿಯಾಗಿದ್ರೆ ಆ ಕೈ ಮೇಲೇಳಬೇಕಿತ್ತು. ವಿಪರ್ಯಾಸ ಏನಂದ್ರೆ ಅವನು ತಡೆದಿದ್ದು ಕಾನೂನಿನ ಹೆಸರಲ್ಲಿ ನಡೆಯೋ ಮಿಲಿಟರಿ ಆಡಳಿತವನ್ನ ಮಾತ್ರ, ಆಮೇಲೆ ಸೇನೆ ಕಾನೂನಿನ ಅನುಮತಿಗೆ ಕಾಯಲೇ ಇಲ್ಲ. ಮೇ ತಿಂಗಳಲ್ಲಿ ಸರದಿ ಪ್ರಕಾರ ಕ್ರೊಯೇಷಿಯಾದ ಸ್ಟಿಪೆ ಮೆಸಿಚ್ ಅಧ್ಯಕ್ಷ ಆಗ್ಬೇಕಿತ್ತು, ಮಿಲೊಶೆವಿಚ್ ಕಡೆಯವರು ಬಿಡಲಿಲ್ಲ, ದೇಶಕ್ಕೆ ಆರೇಳು ವಾರ ಮುಖ್ಯಸ್ಥನೇ ಇರ್ಲಿಲ್ಲ.

ಮುಂದಿನದು ನಿಮಗೆ ಗೊತ್ತಿರೋದೇ, ಬೇಗ ಹೇಳ್ತೀನಿ. 1991ರ ಜೂನ್ 25ಕ್ಕೆ ಸ್ಲೊವೇನಿಯಾ, ಕ್ರೊಯೇಷಿಯಾ ಎರಡೂ ಸ್ವಾತಂತ್ರ್ಯ ಘೋಷಿಸಿದ್ವು. ಸ್ಲೊವೇನಿಯಾದಲ್ಲಿ ಹತ್ತು ದಿನದ ಯುದ್ಧ, ಸತ್ತವರು ನೂರಕ್ಕಿಂತ ಕಡಿಮೆ. ಅಲ್ಲಿ ಸರ್ಬರು ತೀರಾ ಕಮ್ಮಿ, ಹಿಡಿದಿಟ್ಕೊಳ್ಳೋಕೆ ಮಿಲೊಶೆವಿಚ್‌ಗೆ ಆಸಕ್ತಿಯೂ ಇರ್ಲಿಲ್ಲ. (ಸ್ಲೊವೇನಿಯಾ ಏನೋ ಬಹಳ ಸಭ್ಯವಾಗಿ ಹೊರಬಂತು ಅಂತಾರೆ, 1992ರಲ್ಲಿ ಬೇರೆ ರಿಪಬ್ಲಿಕ್ ಮೂಲದ ಸುಮಾರು 25 ಸಾವಿರ ನಿವಾಸಿಗಳ ಹೆಸರನ್ನ ಸದ್ದಿಲ್ಲದೆ ದಾಖಲೆಯಿಂದ ಅಳಿಸಿತ್ತು ಅನ್ನೋದನ್ನ ಕಮ್ಮಿ ಜನ ಹೇಳ್ತಾರೆ.) ಕ್ರೊಯೇಷಿಯಾದಲ್ಲಿ ವುಕೊವಾರ್ ಊರು 87 ದಿನ ಮುತ್ತಿಗೆ ತಡ್ಕೊಂಡು ನವೆಂಬರಲ್ಲಿ ನೆಲಸಮ ಆಗಿ ಬಿತ್ತು. ಮ್ಯಾಸಿಡೋನಿಯಾ ಗುಂಡು ಹಾರದೆ ಹೊರಬಂತು. ಮಾಂಟೆನೆಗ್ರೊ 2006ರಲ್ಲಿ ವೋಟು ಹಾಕಿ ಹೋಯ್ತು, 55 ಪರ್ಸೆಂಟ್ ಬೇಕಿತ್ತು, ಸಿಕ್ಕಿದ್ದು 55.5. ಕೊಸೊವೊ 2008ರಲ್ಲಿ ಘೋಷಿಸ್ಕೊಂಡಿತು, ಭಾರತ ಅದನ್ನ ಇನ್ನೂ ಮಾನ್ಯ ಮಾಡಿಲ್ಲ.

ಜರ್ಮನಿ-ಅಮೆರಿಕ ಒಡೆದ್ರು ಅನ್ನೋ ವಾದ ನನಗೆ ಅರ್ಧ ಕೂಡ ಒಪ್ಪಿಗೆ ಇಲ್ಲ. ಜರ್ಮನಿ ಕ್ರೊಯೇಷಿಯಾನ ಮಾನ್ಯ ಮಾಡಿದ್ದು 1991ರ ಡಿಸೆಂಬರ್ 23ಕ್ಕೆ, ವುಕೊವಾರ್ ಬಿದ್ದು ತಿಂಗಳಾಗಿತ್ತು. ಅಮೆರಿಕ ಅಂತೂ ಜೂನಲ್ಲಿ ತನ್ನ ವಿದೇಶಾಂಗ ಮಂತ್ರಿ ಜೇಮ್ಸ್ ಬೇಕರ್‌ನ ಬೆಲ್‌ಗ್ರೇಡಿಗೆ ಕಳಿಸಿ ಒಡೀಬೇಡಿ ಅಂತಲೇ ಹೇಳಿಸಿತ್ತು. ಅವರ ತಪ್ಪು ಬೇರೆ. ಯೂರೋಪು ನೇಮಿಸಿದ ಬಾದಿಂತೆರ್ ಆಯೋಗ ರಿಪಬ್ಲಿಕ್‌ಗಳ ಗಡಿಯೇ ಹೊಸ ದೇಶಗಳ ಗಡಿ ಅಂತ ತೀರ್ಪು ಕೊಟ್ಟಿತು, ಕಾನೂನಾಗಿ ಅದು ಸರಿಯಿರಬಹುದು, ಆದ್ರೆ ಆ ಗಡಿಯೊಳಗೆ ಸಿಕ್ಕಾಕ್ಕೊಂಡ ಅಲ್ಪಸಂಖ್ಯಾತರಿಗೆ ಏನು ಗ್ಯಾರಂಟಿ ಅನ್ನೋದನ್ನ ಗಟ್ಟಿ ಮಾಡದೇ ಮಾನ್ಯತೆ ಹಂಚಿಬಿಟ್ರು. ಅರ್ಥಶಾಸ್ತ್ರಜ್ಞ ವ್ಲಾದಿಮಿರ್ ಗ್ಲಿಗೊರೊವ್ ಹೇಳಿದ್ದು ಅಂತ ಒಂದು ಮಾತಿದೆ, ನೀನು ನನ್ನ ದೇಶದಲ್ಲಿ ಅಲ್ಪಸಂಖ್ಯಾತ ಆಗಿರಬಹುದಾದಾಗ ನಾನ್ಯಾಕೆ ನಿನ್ನ ದೇಶದಲ್ಲಿ ಅಲ್ಪಸಂಖ್ಯಾತ ಆಗಿರ್ಲಿ? ಆ ಇಡೀ ದಶಕ ಈ ಒಂದು ಪ್ರಶ್ನೇಲಿದೆ.

ಈ ಪ್ರಶ್ನೆಗೆ ಬೋಸ್ನಿಯಾದಲ್ಲಿ ಉತ್ತರವೇ ಇರ್ಲಿಲ್ಲ. 1991ರ ಲೆಕ್ಕದಲ್ಲಿ ಮುಸ್ಲಿಮರು ಸುಮಾರು 44 ಪರ್ಸೆಂಟ್, ಸರ್ಬರು 31, ಕ್ರೊಯಟರು 17, ಒಂದೇ ಬೀದೀಲಿ ಮೂವರೂ. ಯುಗೊಸ್ಲಾವಿಯಾ ಇದ್ರೆ ಮಾತ್ರ ಅಲ್ಲಿ ಯಾರೂ ಅಲ್ಪಸಂಖ್ಯಾತರಲ್ಲ. 1992ರ ಏಪ್ರಿಲಲ್ಲಿ ಮಾನ್ಯತೆ ಸಿಕ್ತು, ಅದೇ ವಾರ ಸರಯೇವೊ ಮುತ್ತಿಗೆ ಶುರು, 1425 ದಿನ. ವಿಶ್ವಸಂಸ್ಥೆ ಶಾಂತಿಪಡೆಯ ಮೊದಲ ಕಮಾಂಡರ್ ನಮ್ಮ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್, ಕ್ರೊಯೇಷಿಯಾದ ಕದನ ವಿರಾಮ ನೋಡ್ಕೊಳ್ಳೋಕೆ ಅಂತ ಬಂದವರು, ಅವರ ಮುಖ್ಯ ಕಚೇರಿ ಇಟ್ಟಿದ್ದು ಸರಯೇವೊದಲ್ಲಿ, ಅದು ಶಾಂತವಾದ ಊರು ಅಂತ! ಮೂರೂವರೆ ವರ್ಷದಲ್ಲಿ ಸುಮಾರು 1 ಲಕ್ಷ ಜನ ಸತ್ರು, 1995ರ ಜುಲೈನಲ್ಲಿ ಸ್ರೆಬ್ರೆನಿಟ್ಸಾದಲ್ಲಿ ಬೋಸ್ನಿಯಾ ಸರ್ಬರ ಸೇನೆ 8 ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನ, ಹುಡುಗರನ್ನ ಕೊಂದಿತು, ಅದು ನರಮೇಧ ಅಂತ ಅಂತರರಾಷ್ಟ್ರೀಯ ನ್ಯಾಯಾಲಯವೇ ಹೇಳಿದೆ. ಎಲ್ಲ ಕಡೆಯವರೂ ತಪ್ಪು ಮಾಡಿದ್ರು ಅನ್ನೋದು ನಿಜ, ಎಲ್ಲರ ತಪ್ಪೂ ಸಮ ಅನ್ನೋದು ಸುಳ್ಳು.

ಇನ್ನು ನಮ್ಮ ದೇಶದ ಬಗ್ಗೆ ಕೇಳಿದ್ರಲ್ಲ. ಭಾಷಾವಾರು ರಾಜ್ಯ ಮಾಡಿದ್ರೆ ದೇಶ ಒಡೆಯುತ್ತೆ ಅಂತ 1950ರ ದಶಕದಲ್ಲಿ ದೊಡ್ಡೋರೇ ಹೆದರಿದ್ರು, ಮೈಸೂರು, ಮುಂಬೈ, ಹೈದರಾಬಾದು, ಮದ್ರಾಸು, ಕೊಡಗು ಅಂತ ಹರಡಿದ್ದ ಕನ್ನಡಿಗರು 1956ರಲ್ಲಿ ಒಂದಾದ್ರು, ಏನೂ ಒಡೀಲಿಲ್ಲ. ಮೇಲ್ನೋಟಕ್ಕೆ ಯುಗೊಸ್ಲಾವಿಯಾ ತರಾನೇ ಕಾಣುತ್ತೆ, ಒಳಗೆ ಬೇರೆ. ನಮ್ಮ ಸಂವಿಧಾನದ 3ನೇ ವಿಧಿ ಪ್ರಕಾರ ರಾಜ್ಯದ ಗಡಿಯನ್ನ ಸಂಸತ್ತು ಬದಲಾಯಿಸಬಹುದು, ಅಲ್ಲಿ ರಿಪಬ್ಲಿಕ್ ಒಪ್ಪದೆ ಗೆರೆ ಅಲ್ಲಾಡಿಸಂಗಿರ್ಲಿಲ್ಲ. ದಿಲ್ಲಿಯಲ್ಲಿ ಅಧಿಕಾರ ಬೇಕು ಅಂದ್ರೆ ಒಂದು ರಾಜ್ಯದ ವೋಟು ಸಾಲಲ್ಲ, ಬೇರೆ ಭಾಷೆಯವರ ಹತ್ರ ಹೋಗಿ ಕೈ ಮುಗೀಬೇಕು, ಮೈತ್ರಿ ಮಾಡ್ಬೇಕು. ನಮ್ಮಲ್ಲಿ ಭಾಷೆಯ ಗೆರೆ ಒಂದು ಕಡೆ, ಧರ್ಮದ್ದು ಇನ್ನೊಂದು ಕಡೆ, ಜಾತಿಯದ್ದು ಮತ್ತೊಂದು ಕಡೆ, ಒಂದರ ಮೇಲೊಂದು ಕೂರಲ್ಲ. ಅದಕ್ಕೇ ಕ್ಷೇತ್ರ ಮರುವಿಂಗಡಣೆ, ತೆರಿಗೆ ಪಾಲು ತರದ ಜಗಳಗಳನ್ನ ನಾನು ಗಮನ ಇಟ್ಟು ನೋಡ್ತೀನಿ, ಜಗಳ ಇದೆ ಅಂತಲ್ಲ, ಅದನ್ನ ಕೂತು ತೀರಿಸೋ ಜಾಗ ಎಲ್ಲರಿಗೂ ನಂಬಿಕೆ ಬರೋ ಹಾಗೆ ಉಳೀತಾ ಅಂತ. 1971ರಲ್ಲಿ ಪಾಕಿಸ್ತಾನ ಒಡೆದಿದ್ದೂ ಚುನಾವಣೇಲಿ ಗೆದ್ದ ಪೂರ್ವ ಬಂಗಾಳದ ಪಕ್ಷಕ್ಕೆ ಅಧಿಕಾರ ಕೊಡದೇ ಇದ್ದಾಗ.

ಬೋಸ್ನಿಯಾ ಯುದ್ಧ ನಿಂತಿದ್ದು 1995ರ ಡೇಟನ್ ಒಪ್ಪಂದದಿಂದ, ಅದರ ಒಂದು ಅನುಬಂಧವೇ ಇವತ್ತಿಗೂ ಆ ದೇಶದ ಸಂವಿಧಾನ. ಅದರಲ್ಲಿ ಮೂವರು ಅಧ್ಯಕ್ಷರು: ಒಬ್ಬ ಬೋಸ್ನಿಯಾಕ್, ಅಂದ್ರೆ ಅಲ್ಲಿನ ಮುಸ್ಲಿಂ, ಒಬ್ಬ ಕ್ರೊಯಟ್, ಒಬ್ಬ ಸರ್ಬ್. ನಾನು ಬರೀ ಬೋಸ್ನಿಯಾದವನು ಅಂತ ಬರೆಸಿದ್ರೆ ಸ್ಪರ್ಧಿಸೋ ಹಾಗಿಲ್ಲ. ದೆರ್ವೊ ಸೆಯ್ದಿಚ್ ಅನ್ನೋ ರೋಮಾ ಸಮುದಾಯದವರು, ಯಾಕೊಬ್ ಫಿನ್ಸಿ ಅನ್ನೋ ಯಹೂದಿ, ಇಬ್ರೂ ಯೂರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದ್ರು, 2009ರಲ್ಲಿ ಗೆದ್ರು, ಇದು ತಾರತಮ್ಯ ಅಂತ ತೀರ್ಪು ಬಂತು. ಸಂವಿಧಾನ ತಿದ್ದೋಕೆ ಮೂರೂ ಕಡೆಯ ಪಕ್ಷಗಳು ಒಪ್ಪಬೇಕು, ಆ ಪಕ್ಷಗಳು ಗೆಲ್ಲೋದೇ ಈ ವ್ಯವಸ್ಥೆಯಿಂದ, ಹಾಗಾಗಿ ಹದಿನೈದು ವರ್ಷ ಕಳೆದ್ರೂ ತಿದ್ದಿಲ್ಲ.